ದ್ವೀಪ ನೋಡುವುದೋ, ಪಟ್ಟಿ ತೀರಿಸುವುದೋ?

ದೀಪಾವಳಿ ಕಳೆದು ಚಳಿ ಬೀಳುವ ಹೊತ್ತಿಗೆ ದೆಹಲಿಯ ಸರ್ಕಾರಿ ಕಚೇರಿಗಳಲ್ಲಿ ಪ್ರತಿವರ್ಷವೂ ಒಂದು ಜ್ವರ ಹರಡುತ್ತದೆ. ಅದರ ಹೆಸರು ಅಂಡಮಾನ್. ಊಟದ ಡಬ್ಬಿ ಬಿಚ್ಚಿದರೆ ಅದೇ ಮಾತು, ಸಂಘದ ತಿಂಗಳ ಸಭೆಗೆ ಬಂದರೆ ಅದೇ ಮಾತು. "ನಿಮ್ಮದು ಎಷ್ಟು ರಾತ್ರಿ, ಎಷ್ಟು ಹಗಲು?" "ನಮ್ಮದು ಐದು ರಾತ್ರಿ, ಆರು ಹಗಲು." "ಎಷ್ಟು ಪಾಯಿಂಟು?" "ಹದಿನೆಂಟು." ಹದಿನೆಂಟು ಪಾಯಿಂಟಿನವರು ಹದಿನಾಲ್ಕು ಪಾಯಿಂಟಿನವರನ್ನು ಕನಿಕರದಿಂದ ನೋಡುತ್ತಾರೆ. ಹೋಗಿ ಬಂದ ಮೇಲೆ ಫೋಟೋಗಳ ಪ್ರದರ್ಶನ. ಎಲ್ಲರ ಫೋಟೋವೂ ಒಂದೇ: ಅದೇ ಮರದ ತೂಗುಯ್ಯಾಲೆ, ಅದೇ ಗಾಜಿನ ತಳದ ದೋಣಿ, ನೀರೊಳಗೆ ತಲೆಗೆ ಗಡಿಗೆ ಕವಿಚಿಕೊಂಡಂತೆ ನಿಂತ ಅದೇ ಯಜಮಾನರು. ಮುಖಗಳನ್ನು ಅದಲು ಬದಲು ಮಾಡಿದರೂ ಯಾರಿಗೂ ಗೊತ್ತಾಗದು.

ನಾವು ಅಂಡಮಾನಿಗೆ ಹೋಗಬಾರದೆಂದು ಹೇಳುವವರಲ್ಲ. ಹೋಗಲೇಬೇಕು. ನಮ್ಮ ದೇಶದಲ್ಲಿ ಅಂತಹ ಸಮುದ್ರ, ಅಂತಹ ಕಾಡು, ಅಂತಹ ಚರಿತ್ರೆ ಒಂದೇ ಕಡೆ ಸಿಗುವ ಸ್ಥಳಗಳು ಬಹಳ ಇಲ್ಲ. ನಮ್ಮ ತಕರಾರು ಇರುವುದು ಹೋಗುವ ರೀತಿಯ ಬಗ್ಗೆ. ಏಜೆಂಟ್ ಕೊಟ್ಟ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಒಂದೊಂದಕ್ಕೂ ಗೆರೆ ಎಳೆಯುತ್ತ ಓಡುವುದನ್ನು ಪ್ರವಾಸವೆಂದು ಕರೆಯಬೇಡಿ ಎಂಬುದು ನಮ್ಮ ಮೊದಲನೆಯ ಮಾತು. ಆ ಪಟ್ಟಿಯಲ್ಲಿ ಒಂದು ಸಾಲಿದೆ. ಅದನ್ನು ಮನುಷ್ಯರಾದವರು ಹೊಡೆದು ಹಾಕಬೇಕು ಎಂಬುದು ಎರಡನೆಯ ಮಾತು. ಊರಿಗೆ ಹೋಗುವ ಹಕ್ಕನ್ನು ಮಾರಿಕೊಂಡು ದ್ವೀಪಕ್ಕೆ ಹೋಗಬೇಡಿ ಎಂಬುದು ಮೂರನೆಯದು. ಮೂರಕ್ಕೂ ಕಾರಣ ಕೊಡುತ್ತೇವೆ. ಒಪ್ಪದವರು ಮುಂದಿನ ಸಂಚಿಕೆಯಲ್ಲಿ ಬರೆಯಲಿ.

ಮೊದಲು ಲೆಕ್ಕದಿಂದಲೇ ಆರಂಭಿಸೋಣ, ನಾವು ಗುಮಾಸ್ತರಲ್ಲವೇ? ಕೇಂದ್ರ ಸರ್ಕಾರದ ನೌಕರನಿಗೆ ನಾಲ್ಕು ವರ್ಷದ ಒಂದು ಬ್ಲಾಕಿನಲ್ಲಿ ಎರಡು ಸಲ ಸ್ವಂತ ಊರಿಗೆ ಹೋಗಿಬರಲು ಎಲ್.ಟಿ.ಸಿ. ಸಿಗುತ್ತದೆ. ಅದರಲ್ಲಿ ಒಂದನ್ನು ಭಾರತದ ಯಾವ ಸ್ಥಳಕ್ಕಾದರೂ ಬಳಸಬಹುದು. ಇದರ ಮೇಲೆ ಒಂದು ವಿಶೇಷ ರಿಯಾಯಿತಿ ಇದೆ: ಸ್ವಂತ ಊರಿನ ಒಂದು ಪ್ರಯಾಣವನ್ನು ಅಂಡಮಾನ್, ಈಶಾನ್ಯ ರಾಜ್ಯಗಳು, ಜಮ್ಮು ಕಾಶ್ಮೀರ ಅಥವಾ ಲಡಾಖಿಗೆ ಬದಲಾಯಿಸಿಕೊಳ್ಳಬಹುದು. ವಿಮಾನದ ಅರ್ಹತೆ ಇಲ್ಲದ ನಮ್ಮಂಥವರೂ ವಿಮಾನದಲ್ಲಿ ಹೋಗಬಹುದು. ಅವಧಿ ಮುಗಿದಂತೆಲ್ಲ ಇದನ್ನು ವಿಸ್ತರಿಸುತ್ತ ಬಂದಿದ್ದಾರೆ. 2024ರ ವಿಸ್ತರಣೆ 2026ರ ಸೆಪ್ಟೆಂಬರ್‌ವರೆಗಿನದು. ರೈಲಿನ ಮೇಲಿನ ಬರ್ತಿನಲ್ಲಿ ಮೊಣಕಾಲು ಮಡಿಸಿಕೊಂಡು ಊರು ಸೇರುವ ಗುಮಾಸ್ತನಿಗೆ ಕಿಟಕಿಯ ಪಕ್ಕದ ವಿಮಾನದ ಸೀಟು ಸಿಕ್ಕರೆ ಆಸೆಯಾಗುವುದು ಸಹಜ. ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ಕಚೇರಿ ಕೊಡುವುದು ಹೋಗಿ ಬರುವ ಪ್ರಯಾಣದ ದರವನ್ನು ಮಾತ್ರ. ವಸತಿ, ಊಟ, ಅಲ್ಲಿಯ ಸುತ್ತಾಟ, ನೀರಾಟ ಎಲ್ಲವೂ ನಮ್ಮ ಜೇಬಿನಿಂದ. "ಸಾರ್, ನೀವು ಚಿಂತೆ ಮಾಡಬೇಡಿ, ಹೋಟೆಲಿನದನ್ನೂ ಟಿಕೆಟ್ಟಿನಲ್ಲೇ ಹೊಂದಿಸಿಕೊಡುತ್ತೇವೆ" ಎಂದು ಹೇಳುವವನು ಉಪಕಾರಿಯಲ್ಲ. ಸುಳ್ಳು ಬಿಲ್ಲಿಗೆ ನಮ್ಮ ಸಹಿ ಹಾಕಿಸಿಕೊಳ್ಳುವವನು. ಅವನ ಅಂಗಡಿ ನಾಳೆ ಬೇರೆ ಬೀದಿಗೆ ಹೋಗುತ್ತದೆ, ನಮ್ಮ ಸರ್ವಿಸ್ ಬುಕ್ಕು ಎಲ್ಲಿಗೂ ಹೋಗುವುದಿಲ್ಲ. ಇಷ್ಟು ಹೇಳಿ ಆ ವಿಷಯ ಮುಗಿಸುತ್ತೇವೆ.

ಇನ್ನು ಪಟ್ಟಿ. ಈ ಹದಿನೆಂಟು ಪಾಯಿಂಟುಗಳನ್ನು ಮಾಡಿದವರು ಯಾರು? ದ್ವೀಪವನ್ನು ಬಲ್ಲವರಲ್ಲ, ವ್ಯಾನಿನ ಡೀಸೆಲಿನ ಲೆಕ್ಕವನ್ನು ಬಲ್ಲವರು. ಸಣ್ಣ ಬಂಡೆಗಳನ್ನೂ ಸೇರಿಸಿದರೆ ಅಂಡಮಾನ್ ನಿಕೋಬಾರಿನಲ್ಲಿ 836 ದ್ವೀಪಗಳಿವೆ. ಜನವಸತಿ ಇರುವುದು 31ರಲ್ಲಿ. ಆರು ದಿನದಲ್ಲಿ ಇದನ್ನು "ಕವರ್" ಮಾಡುತ್ತೇವೆ ಎನ್ನುವುದೇ ಹಾಸ್ಯ. ಸಮುದ್ರಕ್ಕೆ ತನ್ನದೇ ಆದ ವೇಳಾಪಟ್ಟಿಯಿದೆ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಪ್ರತಿದಿನವೂ ಸುಮಾರು ಐವತ್ತು ನಿಮಿಷ ಹಿಂದಕ್ಕೆ ಸರಿಯುತ್ತ ಹೋಗುತ್ತದೆ. ಹಿಂದೆ ನೀಲ್ ಎಂದು ಕರೆಯುತ್ತಿದ್ದ ಶಹೀದ್ ದ್ವೀಪದಲ್ಲಿ ಅಲೆ ಕೊರೆದ ಒಂದು ಕಲ್ಲಿನ ಸೇತುವೆ ಇದೆ. ನೀರು ಇಳಿದಾಗ ಹೋದರೆ ಬಂಡೆಗಳ ನಡುವಿನ ಕುಳಿಗಳಲ್ಲಿ ಏಡಿ, ಸಮುದ್ರಸೌತೆ, ಬಣ್ಣದ ಮೀನಿನ ಮರಿಗಳನ್ನು ಮಕ್ಕಳು ಕುಕ್ಕರಗಾಲಿನಲ್ಲಿ ಕುಳಿತು ನೋಡಬಹುದು. ಉಬ್ಬರದಲ್ಲಿ ಹೋದರೆ ಬರೀ ನೀರು. ಏಜೆಂಟನ ಪಟ್ಟಿಯಲ್ಲಿ "ನ್ಯಾಚುರಲ್ ಬ್ರಿಜ್, ಹನ್ನೊಂದು ಗಂಟೆ" ಎಂದಿರುತ್ತದೆ. ಚಂದ್ರ ಏಜೆಂಟನ ನೌಕರನಲ್ಲವಲ್ಲ!

ಸೂರ್ಯನ ವಿಷಯವೂ ಹಾಗೆಯೇ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಪೋರ್ಟ್ ಬ್ಲೇರ್ ಇರುವುದು ಸುಮಾರು 92.7 ಡಿಗ್ರಿಯಲ್ಲಿ. (2024ರ ಸೆಪ್ಟೆಂಬರಿನಲ್ಲಿ ಅದಕ್ಕೆ ಶ್ರೀ ವಿಜಯಪುರಂ ಎಂದು ಹೆಸರಾಗಿದೆ, ಓದುಗರಿಗೆ ಗುರುತು ಹತ್ತಲೆಂದು ಹಳೆಯ ಹೆಸರನ್ನೇ ಇಲ್ಲಿ ಬಳಸಿದ್ದೇವೆ.) ಡಿಗ್ರಿಗೆ ನಾಲ್ಕು ನಿಮಿಷದಂತೆ ಹತ್ತು ಡಿಗ್ರಿಗೆ ನಲವತ್ತು ನಿಮಿಷ. ಅಂದರೆ ಅಲ್ಲಿ ಗಡಿಯಾರ ಏನೇ ಹೇಳಲಿ, ಸೂರ್ಯ ಅಷ್ಟು ಮೊದಲೇ ಎದ್ದು ಅಷ್ಟು ಮೊದಲೇ ಮಲಗುತ್ತಾನೆ. ಡಿಸೆಂಬರಿನಲ್ಲಿ ಸಂಜೆ ಐದರ ಸುಮಾರಿಗೆ ಸೂರ್ಯಾಸ್ತ. ದೆಹಲಿಯ ಅಭ್ಯಾಸದಲ್ಲಿ ಒಂಬತ್ತಕ್ಕೆ ಎದ್ದು, ಹತ್ತೂವರೆಗೆ ತಿಂಡಿ ಮುಗಿಸಿ ಹೊರಡುವ ಸಂಸಾರಕ್ಕೆ ಅಲ್ಲಿ ಅರ್ಧ ದಿನ ಆಗಲೇ ಹೋಗಿರುತ್ತದೆ. ಸ್ವರಾಜ್ ದ್ವೀಪದ, ಎಂದರೆ ಹಳೆಯ ಹ್ಯಾವ್‌ಲಾಕಿನ, ರಾಧಾನಗರದ ಮರಳದಂಡೆ ಬಹು ಪ್ರಸಿದ್ಧವಾದುದು. ಅಲ್ಲಿಗೆ ಐದೂಕಾಲಿಗೆ ಬಸ್ಸಿನಿಂದ ಇಳಿದು, ಕತ್ತಲಲ್ಲಿ ಒಂದು ಫೋಟೋ ಹೊಡೆದು, "ಏನೂ ಅಂಥಾದ್ದಿಲ್ಲ ಬಿಡಿ" ಎನ್ನುವವರ ತಪ್ಪೋ, ರಾಧಾನಗರದ ತಪ್ಪೋ? ಅಲ್ಲಿ ನಾಲ್ಕೂವರೆಗೆ ಏಳಿ. ಬೆಳಗಿನ ಸಮುದ್ರಕ್ಕೆ ಟಿಕೆಟ್ಟಿಲ್ಲ.

ನೀರೊಳಗಿನ ಲೋಕದ ಬಗ್ಗೆಯೂ ಒಂದು ಮಾತು. ಹವಳವನ್ನು ಬಣ್ಣದ ಕಲ್ಲೆಂದು ತಿಳಿದು ಅದರ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವವರಿದ್ದಾರೆ. ಹವಳ ಕಲ್ಲಲ್ಲ, ಪ್ರಾಣಿ. ಸಾವಿರಾರು ಪುಟ್ಟ ಜೀವಿಗಳು ಸುಣ್ಣದ ಮನೆ ಕಟ್ಟಿಕೊಂಡು, ತಮ್ಮ ಮೈಯೊಳಗೆ ಸೂಕ್ಷ್ಮ ಪಾಚಿಯನ್ನು ಸಾಕಿಕೊಂಡು ಬದುಕುತ್ತವೆ. ಆ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಮನೆಯೊಡೆಯನಿಗೂ ಪಾಲು ಕೊಡುತ್ತದೆ. ಬಣ್ಣವೂ ಬಹುಮಟ್ಟಿಗೆ ಅದರದೇ. ಸಮುದ್ರ ಹೆಚ್ಚು ಬಿಸಿಯಾದರೆ ಪಾಚಿ ಮನೆ ಬಿಟ್ಟು ಹೋಗುತ್ತದೆ, ಹವಳ ಬಿಳಿಚಿಕೊಳ್ಳುತ್ತದೆ. 2010ರಲ್ಲಿ ಅಂಡಮಾನಿನ ಹವಳದ ದಿಬ್ಬಗಳಿಗೆ ಹೀಗೆ ದೊಡ್ಡ ಪೆಟ್ಟು ಬಿತ್ತು. ಸಮುದ್ರದ ಬಿಸಿಯನ್ನು ನಾವು ನೀವು ಇಳಿಸಲಾರೆವು, ಕಾಲನ್ನಾದರೂ ಎತ್ತಿಕೊಳ್ಳಬಹುದಲ್ಲ? ಚೂರು ಮುರಿದು ಷೋಕೇಸಿಗೆ ತರುವುದು 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚಿಸಿಕೊಂಡು ಹೆಂಡತಿ ಮಕ್ಕಳೆದುರು ತಲೆ ತಗ್ಗಿಸುವ ಅವಸ್ಥೆ ಯಾರಿಗೂ ಬೇಡ.

ಹವಳ ನೋಡಬೇಕಾದರೆ ದುಬಾರಿ ಆಟಗಳೆಲ್ಲ ಬೇಕಿಲ್ಲ. ಕಣ್ಣಿಗೆ ಮುಖವಾಡ, ಬಾಯಿಗೆ ಕೊಳವೆ, ಮೈಗೆ ತೇಲುವ ಜಾಕೀಟು, ಜೊತೆಗೆ ಬಲ್ಲವನೊಬ್ಬ ಇದ್ದರೆ ಈಜು ಬಾರದವರೂ ನೀರಿನ ಮೇಲೆ ಬೋರಲಾಗಿ ತೇಲುತ್ತ ನೋಡಬಹುದು. ವಂಡೂರಿನ ಮಹಾತ್ಮಾ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನ 1983ರಲ್ಲಿ ಆದದ್ದು. ಅಲ್ಲಿಯ ಜಾಲಿಬಾಯ್ ಮತ್ತು ರೆಡ್‌ಸ್ಕಿನ್ ದ್ವೀಪಗಳನ್ನು ವರ್ಷದ ಬೇರೆ ಬೇರೆ ಕಾಲದಲ್ಲಿ, ಒಂದಕ್ಕೆ ವಿಶ್ರಾಂತಿ ಕೊಟ್ಟು ಇನ್ನೊಂದನ್ನು ತೆರೆಯುತ್ತಾರೆ. ನಮ್ಮ ಹೊಲಕ್ಕೆ ನಾವು ಬೀಳು ಬಿಡುವುದಿಲ್ಲವೇ, ಹಾಗೆ. ಜಾಲಿಬಾಯ್‌ಗೆ ಪ್ಲಾಸ್ಟಿಕ್ ಒಯ್ಯಲು ಬಿಡುವುದಿಲ್ಲ. ಇದಕ್ಕೆ ಗೊಣಗುವ ನಮ್ಮವರನ್ನು ಕಂಡಿದ್ದೇವೆ. ಗೊಣಗಬೇಡಿ, ಸ್ಟೀಲಿನ ತಂಬಿಗೆಯಲ್ಲಿ ನೀರು ಒಯ್ಯಿರಿ, ಅದು ನಮ್ಮ ಹಿರಿಯರ ಪದ್ಧತಿಯೇ. ಮೊಸಳೆಯ ಎಚ್ಚರಿಕೆಯ ಹಲಗೆ ಇದ್ದ ಕಡೆ ನೀರಿಗಿಳಿಯಬೇಡಿ. ಉಪ್ಪುನೀರಿನ ಮೊಸಳೆಗೆ ಪ್ಯಾಕೇಜಿನವರೆಂಬ ಭೇದವಿಲ್ಲ.

ಈಗ ಪೋರ್ಟ್ ಬ್ಲೇರಿಗೆ ಬರೋಣ. ಪ್ಯಾಕೇಜಿನಲ್ಲಿ ಸೆಲ್ಯುಲರ್ ಜೈಲಿಗೆ ಒಂದು ಗಂಟೆ. ಸಂಜೆ ಧ್ವನಿ ಬೆಳಕಿನ ಕಾರ್ಯಕ್ರಮ. ಅಲ್ಲಿಗೆ ಸ್ವಾತಂತ್ರ್ಯ ಹೋರಾಟ ಮುಗಿಯಿತು. 1896ರಲ್ಲಿ ಕಟ್ಟಲು ಆರಂಭಿಸಿ 1906ರಲ್ಲಿ ಮುಗಿಸಿದ ಸೆರೆಮನೆ ಅದು. ನಡುವೆ ಒಂದು ಗೋಪುರ, ಅದರಿಂದ ಚಕ್ರದ ಅರಗಳಂತೆ ಏಳು ಸಾಲು, ಸುಮಾರು ಏಳುನೂರು ಕೋಣೆಗಳು. ಒಂದು ಸಾಲಿನ ಮುಂಭಾಗ ಇನ್ನೊಂದು ಸಾಲಿನ ಬೆನ್ನಿಗೆ. ಕೈದಿಗೆ ಕೈದಿಯ ಮುಖ ಕಾಣಬಾರದು. ಈಗ ಉಳಿದಿರುವುದು ಮೂರೇ ಸಾಲು. ಎತ್ತಿನ ಬದಲು ಮನುಷ್ಯನನ್ನು ಗಾಣಕ್ಕೆ ಕಟ್ಟಿ ದಿನಕ್ಕೆ 30 ಪೌಂಡು ಕೊಬ್ಬರಿ ಎಣ್ಣೆ ತೆಗೆಸುತ್ತಿದ್ದ ಸ್ಥಳ. ಸಾವರ್ಕರ್ ಸೋದರರು, ಬಾರೀಂದ್ರ ಘೋಷ್, ಉಲ್ಲಾಸ್ಕರ್ ದತ್ತ ಇದ್ದದ್ದು ಇಲ್ಲಿ. 1933ರ ಉಪವಾಸ ಸತ್ಯಾಗ್ರಹದಲ್ಲಿ ಮಹಾವೀರ್ ಸಿಂಗ್, ಮೋಹನ್ ಕಿಶೋರ್ ನಮೋದಾಸ್, ಮೋಹಿತ್ ಮೊಯಿತ್ರ ಎಂಬ ಮೂವರು ತೀರಿಕೊಂಡದ್ದೂ ಇಲ್ಲಿಯೇ. ಈ ಮೂರು ಹೆಸರನ್ನು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಕೇಳಿದ್ದಾರೆ? 1942ರಿಂದ 1945ರವರೆಗೆ ಜಪಾನೀಯರ ಕೈಯಲ್ಲಿದ್ದಾಗ ಇದೇ ಜೈಲಿನಲ್ಲಿ ಇದೇ ದ್ವೀಪದ ಜನ ಹಿಂಸೆಪಟ್ಟರು. ಪಂಜಾಬಿ ಕವಿ, ವೈದ್ಯ ದಿವಾನ್ ಸಿಂಗ್ 1944ರ ಜನವರಿಯಲ್ಲಿ ಇಲ್ಲಿಯೇ ಪ್ರಾಣ ಬಿಟ್ಟರು. ಅದಕ್ಕೆ ಕೆಲವೇ ದಿನಗಳ ಹಿಂದೆ, 1943ರ ಡಿಸೆಂಬರ್ 30ರಂದು, ನೇತಾಜಿ ಸುಭಾಷರು ಇದೇ ಊರಿನಲ್ಲಿ ಧ್ವಜ ಹಾರಿಸಿದ್ದರು. ಚರಿತ್ರೆ ಅಷ್ಟು ಸರಳವಲ್ಲ ಎಂಬುದನ್ನು ಮಗನಿಗೋ ಮಗಳಿಗೋ ಹೇಳಿಕೊಡಲು ಅದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗದು. ಆದರೆ ಒಂದು ಗಂಟೆಯಲ್ಲಿ ಸಾಧ್ಯವಿಲ್ಲ. ಒಂದು ಹಗಲು ಕೊಡಿ. ಒಂದು ಕೋಣೆಯೊಳಗೆ ಹೋಗಿ ಐದು ನಿಮಿಷ ಮಾತಿಲ್ಲದೆ ನಿಲ್ಲಿ.

ಬೆಂಗಳೂರಿನಲ್ಲಿ ಮೇಯೋ ಹಾಲ್ ನೋಡದವರಾರು? ಆ ಮೇಯೋ ಯಾರೆಂದು ಕೇಳಿ ನೋಡಿ. ವೈಸರಾಯ್ ಆಗಿದ್ದ ಲಾರ್ಡ್ ಮೇಯೋ 1872ರ ಫೆಬ್ರವರಿ 8ರಂದು ಪೋರ್ಟ್ ಬ್ಲೇರಿನ ಎದುರು ದಡದಲ್ಲಿ, ಮೌಂಟ್ ಹ್ಯಾರಿಯೆಟ್ ಬೆಟ್ಟದಿಂದ ಇಳಿದು ದೋಣಿ ಹತ್ತುವಾಗ, ಷೇರ್ ಅಲಿ ಎಂಬ ಕೈದಿಯ ಚೂರಿಗೆ ಸಿಕ್ಕಿ ಸತ್ತವನು. ಆ ಬೆಟ್ಟಕ್ಕೆ 2021ರಿಂದ ಮೌಂಟ್ ಮಣಿಪುರ ಎಂದು ಹೆಸರು. ಅಲ್ಲಿಂದ ಕಾಣುವ ದೀಪಸ್ತಂಭದ ನೋಟವೇ ಹಳೆಯ ಇಪ್ಪತ್ತು ರೂಪಾಯಿ ನೋಟಿನ ಹಿಂಬದಿಯ ಚಿತ್ರ. ಈಗಿನ ಐವತ್ತರ ನೋಟಿನಲ್ಲಿ ನಮ್ಮ ಹಂಪೆಯ ಕಲ್ಲಿನ ರಥವಿದೆ. ಎರಡನ್ನೂ ಜೊತೆಗಿಟ್ಟು ತೋರಿಸಿದರೆ ಮಕ್ಕಳಿಗೆ ಭೂಗೋಳವೂ ಆಯಿತು, ಚರಿತ್ರೆಯೂ ಆಯಿತು, ಖರ್ಚು ಎಪ್ಪತ್ತು ರೂಪಾಯಿ. ಅದೂ ವಾಪಸು ಜೇಬಿಗೇ.

ದ್ವೀಪದ ಜನರನ್ನು ಮಾತನಾಡಿಸಿ ಬಂದವರು ನಮ್ಮಲ್ಲಿ ಬಹಳ ಕಡಿಮೆ. ಪ್ಯಾಕೇಜಿನಲ್ಲಿ ಮಾತಿಗೆ ಸಮಯವಿಲ್ಲ. ವಲಸೆ ಬಂದು ನೆಲೆಸಿದ ನಮಗೆ ಅಲ್ಲಿ ಕಲಿಯಬೇಕಾದದ್ದು ಎಷ್ಟಿದೆ! 1858ರ ಮಾರ್ಚಿಯಲ್ಲಿ ಇನ್ನೂರು ಕೈದಿಗಳೊಡನೆ ಆರಂಭವಾದ ವಸಾಹತು ಅದು. ಶಿಕ್ಷೆ ಮುಗಿದವರು ಅಲ್ಲಿಯೇ ನಿಂತರು, ಮದುವೆಯಾದರು. ಯಾವ ಜಾತಿ, ಯಾವ ಪ್ರಾಂತ ಎಂದು ಕೇಳುವ ಸ್ಥಿತಿಯಿರಲಿಲ್ಲ. 1921ರ ಮಲಬಾರಿನ ದಂಗೆಯ ನಂತರ ಗಡೀಪಾರಾದ ಮಾಪಿಳ್ಳೆಗಳು ದಕ್ಷಿಣ ಅಂಡಮಾನಿನ ತಮ್ಮ ಹಳ್ಳಿಗಳಿಗೆ ಕಲ್ಲಿಕೋಟೆ, ಮಂಜೇರಿ, ತಿರೂರು, ವಂಡೂರು ಎಂದು ತಮ್ಮ ಊರುಗಳ ಹೆಸರನ್ನೇ ಇಟ್ಟುಕೊಂಡರು. ದೇಶ ಒಡೆದ ಮೇಲೆ ಪೂರ್ವ ಬಂಗಾಳದ ನಿರಾಶ್ರಿತರು ಬಂದರು. ಛೋಟಾನಾಗಪುರದ ಕೂಲಿಗಳು, ಬರ್ಮಾದ ಕರೆನ್ನರು, ತಮಿಳರು, ತೆಲುಗರು ಬಂದರು. ಸಮುದ್ರದಾಚೆ ಬಂದು ಬಿದ್ದ ಮನುಷ್ಯ ಮೊದಲು ಮಾಡಿದ ಕೆಲಸ, ಬಿಟ್ಟುಬಂದ ಊರಿನ ಹೆಸರನ್ನು ಹೊಸ ಊರಿಗೆ ಇಟ್ಟದ್ದು. ಕ್ವಾರ್ಟರ್ಸಿನ ಬಾಗಿಲಿಗೆ ಕನ್ನಡದಲ್ಲಿ ಹೆಸರು ಬರೆಸಿದ ನಮಗೆ ಇದು ಅರ್ಥವಾಗದಿದ್ದರೆ ಇನ್ನಾರಿಗೆ ಅರ್ಥವಾಗಬೇಕು?

ಇಲ್ಲಿಯವರೆಗೆ ಹೇಳಿದ್ದು ರುಚಿಯ ಮಾತು. ಇನ್ನು ಹೇಳುವುದು ನ್ಯಾಯದ ಮಾತು.

ಪಟ್ಟಿಯಲ್ಲಿ ಒಂದು ಸಾಲಿದೆ ಎಂದೆವಲ್ಲ, ಅದು "ಬಾರಾಟಾಂಗ್: ಸುಣ್ಣಕಲ್ಲಿನ ಗುಹೆ, ಕೆಸರಿನ ಜ್ವಾಲಾಮುಖಿ" ಎಂಬ ಸಾಲು. ಗುಹೆಯೂ ನಿಜ, ಕೆಸರೂ ನಿಜ. ಆದರೆ ಏಜೆಂಟನು ದನಿ ತಗ್ಗಿಸಿ ಹೇಳುವುದು ಬೇರೆ: "ದಾರಿಯಲ್ಲಿ ಜಾರವಾಗಳೂ ಕಾಣುತ್ತಾರೆ ಸಾರ್, ಅದೃಷ್ಟ ಇದ್ದರೆ." ಅದೃಷ್ಟ ಇದ್ದರೆ! ಕಾಡಿನಲ್ಲಿ ಹುಲಿ ಕಾಣುವುದರ ಬಗ್ಗೆ ಆಡುವ ಮಾತನ್ನು ಮನುಷ್ಯರ ಬಗ್ಗೆ ಆಡುತ್ತಾನೆ; ನಾವು ತಲೆಯಾಡಿಸುತ್ತೇವೆ.

ಜಾರವಾ ಎಂಬವರು ದಕ್ಷಿಣ ಮತ್ತು ಮಧ್ಯ ಅಂಡಮಾನಿನ ಪಶ್ಚಿಮದ ಕಾಡಿನಲ್ಲಿ ಬೇಟೆಯಾಡಿ, ಗೆಡ್ಡೆ ಅಗೆದು, ಜೇನು ಕಿತ್ತು, ಮೀನು ಹಿಡಿದು ಬದುಕುವ ಜನ. ಎಲ್ಲ ಸೇರಿ ಕೆಲವು ನೂರು ಮಂದಿ. ನಮ್ಮ ಸಂಘದ ಯುಗಾದಿ ಊಟಕ್ಕೆ ಸೇರುವವರಿಗಿಂತಲೂ ಕಡಿಮೆ. ಅವರ ಕಾಡನ್ನು ಸೀಳಿಕೊಂಡು ಅಂಡಮಾನ್ ಟ್ರಂಕ್ ರೋಡ್ ಹೋಗುತ್ತದೆ. ಹೊರಗಿನವರೊಡನೆ ಅವರು ಸ್ನೇಹದಿಂದ ಬೆರೆಯತೊಡಗಿದ್ದು 1997ರ ಕೊನೆಯ ಹೊತ್ತಿಗೆ. 1999ರಲ್ಲಿ ಅವರಲ್ಲಿ ದಡಾರ ಹರಡಿತು. ನಮ್ಮ ಮಕ್ಕಳಿಗೆ ಒಂದು ವಾರದ ಜ್ವರವಾಗಿ ಹೋಗುವ ರೋಗ, ಅದನ್ನು ಎಂದೂ ಕಾಣದ ಜನರಿಗೆ ಮೃತ್ಯುವಾಗಬಹುದು. ಶರೀರದಲ್ಲಿ ಅದಕ್ಕೆ ತಡೆಯೇ ಬೆಳೆದಿರುವುದಿಲ್ಲ. 2002ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕಾಡಿನೊಳಗಿನ ರಸ್ತೆಯನ್ನು ಮುಚ್ಚಬೇಕೆಂದು ಆದೇಶಿಸಿತು. ರಸ್ತೆ ಮುಚ್ಚಲಿಲ್ಲ. 2012ರ ಜನವರಿಯಲ್ಲಿ, ತಿಂಡಿಯ ಆಸೆ ತೋರಿಸಿ ಜಾರವಾ ಹೆಣ್ಣುಮಕ್ಕಳನ್ನು ಕುಣಿಸಿದ ಚಲಚ್ಚಿತ್ರವೊಂದು ಹೊರಬಿದ್ದು ಜಗತ್ತೇ ಛೀ ಎಂದಿತು. ಆ ವರ್ಷವೇ ಮೂಲನಿವಾಸಿಗಳ ರಕ್ಷಣೆಯ 1956ರ ಕಾನೂನನ್ನು ತಿದ್ದಿ ಏಳು ವರ್ಷದವರೆಗಿನ ಸಜೆಯನ್ನು ಸೇರಿಸಿದರು. 2013ರ ಜನವರಿಯಲ್ಲಿ ನ್ಯಾಯಾಲಯ ಆ ರಸ್ತೆಯಲ್ಲಿ ಪ್ರವಾಸಿಗಳನ್ನು ತಡೆಯಿತು. ಕೆಲವೇ ವಾರಗಳಲ್ಲಿ ಆ ತಡೆ ತೆರವಾಯಿತು. ಜಿರ್ಕಾಟಾಂಗಿನ ಗೇಟಿನಲ್ಲಿ ವಾಹನಗಳನ್ನು ಸಾಲುಗಟ್ಟಿಸಿ, ಪೊಲೀಸ್ ಕಾವಲಿನಲ್ಲಿ, ನಿಲ್ಲಬಾರದು, ಫೋಟೋ ತೆಗೆಯಬಾರದು, ಏನೂ ಕೊಡಬಾರದು ಎಂಬ ನಿಯಮದ ಮೇಲೆ ಬಿಡುವ ಪದ್ಧತಿ ಇದೆ.

"ನಿಯಮ ಪಾಲಿಸಿಯೇ ಹೋಗುತ್ತೇವೆ, ತಪ್ಪೇನು?" ಎಂದು ಕೇಳುವವರಿದ್ದಾರೆ. ನಿಯಮ ಪಾಲಿಸಿದರೆ ಅಪರಾಧವಲ್ಲ, ಒಪ್ಪಿದೆವು. ಆದರೆ ಇನ್ನೊಬ್ಬರ ಅಂಗಳದಲ್ಲಿ ದಿನಕ್ಕೆ ನಾಲ್ಕು ಸಲ ಮೆರವಣಿಗೆ ಹೋಗಿ, ಕಿಟಕಿಗೆ ಮೂಗು ಒತ್ತಿ, "ಅಗೋ, ಅಗೋ" ಎಂದು ಮಕ್ಕಳಿಗೆ ತೋರಿಸುವುದು ಕಾನೂನಿನ ಪ್ರಶ್ನೆಯಲ್ಲ, ಮರ್ಯಾದೆಯ ಪ್ರಶ್ನೆ. ನಮ್ಮ ಮನೆಯ ಹೆಂಗಸರು ಮಕ್ಕಳನ್ನು ಹಾಗೆ ಬಸ್ಸಿನಿಂದ ಬೆರಳು ಮಾಡಿ ತೋರಿಸಿದರೆ ಸಹಿಸುತ್ತೇವೆಯೇ?

"ಆ ರಸ್ತೆಯಿಲ್ಲದಿದ್ದರೆ ದ್ವೀಪದ ಜನ ಹೇಗೆ ಓಡಾಡಬೇಕು?" ಎಂಬುದು ಎರಡನೆಯ ಆಕ್ಷೇಪ. ಇದು ಸುಲಭವಾಗಿ ತಳ್ಳಿಹಾಕುವ ಮಾತಲ್ಲ. ರಂಗತ್, ಮಾಯಾಬಂದರ್, ದಿಗ್ಲಿಪುರದವರಿಗೆ ಆಸ್ಪತ್ರೆಗೆ, ಕಚೇರಿಗೆ, ಕಾಲೇಜಿಗೆ ಪೋರ್ಟ್ ಬ್ಲೇರ್ ಬೇಕು. ಹಡಗು ಎಲ್ಲ ದಿನವೂ, ಎಲ್ಲ ಹವೆಯಲ್ಲೂ ಸಾಲದು. ಅವರದು ಅಗತ್ಯ. ಬಸುರಿ ಹೆಂಗಸು ಆಸ್ಪತ್ರೆಗೆ ಹೋಗುವುದಕ್ಕೂ, ದೆಹಲಿಯ ಗುಮಾಸ್ತ ಗುಹೆ ನೋಡಲು ಹೋಗುವುದಕ್ಕೂ ವ್ಯತ್ಯಾಸವಿಲ್ಲವೇ? ಅವರ ಅಗತ್ಯವನ್ನು ನಮ್ಮ ಮೋಜಿಗೆ ಗುರಾಣಿಯಾಗಿ ಹಿಡಿಯುವುದು ನ್ಯಾಯವಲ್ಲ. ನಾವು ಹೋಗದಿದ್ದರೆ ಸಾಲಿನಲ್ಲಿ ಅಷ್ಟು ವಾಹನ ಕಡಿಮೆ. ಅಷ್ಟೇ, ಆದರೆ ಅಷ್ಟಾದರೂ ಆಗುತ್ತದೆ.

"ಅವರನ್ನೂ ನಮ್ಮಂತೆ ಮುಂದೆ ತರಬೇಡವೇ?" ಎಂಬುದು ಮೂರನೆಯದು. ಮುಂದೆ ತಂದ ಲೆಕ್ಕ ನಮ್ಮ ಮುಂದಿದೆ. ಗ್ರೇಟ್ ಅಂಡಮಾನೀಸರೆಂಬ ಜನ 1858ರಲ್ಲಿ ಸಾವಿರಾರು ಮಂದಿ ಇದ್ದರು. ಹತ್ತು ಪಂಗಡ, ಪಂಗಡಕ್ಕೊಂದು ನುಡಿ. ಬ್ರಿಟಿಷರು ಅವರನ್ನು ಒಲಿಸಿ, ಬಟ್ಟೆ ಕೊಟ್ಟು, ಮನೆ ಕಟ್ಟಿಸಿ "ಮುಂದೆ ತಂದರು". ರೋಗಗಳು ಬಂದವು. 1961ರ ಜನಗಣತಿಯಲ್ಲಿ ಉಳಿದವರು 19. 2010ರ ಜನವರಿಯಲ್ಲಿ ಬೋಆ ಎಂಬ ವೃದ್ಧೆ ತೀರಿಕೊಂಡಳು. ಬೋ ಎಂಬ ಭಾಷೆಯನ್ನು ಆಡುತ್ತಿದ್ದ ಕೊನೆಯ ವ್ಯಕ್ತಿ ಆಕೆ. ಭಾಷಾವಿಜ್ಞಾನಿ ಅನ್ವಿತಾ ಅಬ್ಬಿಯವರು ಆಕೆಯ ಮಾತನ್ನು ದಾಖಲು ಮಾಡಿಕೊಂಡಿದ್ದರಿಂದ ಅಷ್ಟಾದರೂ ಉಳಿಯಿತು. ಆಕೆ ಹೋದ ದಿನ ಒಂದು ಭಾಷೆ ಪೂರ್ತಿಯಾಗಿ ಹೋಯಿತು.

ಇದನ್ನು ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆಯುತ್ತಿರುವುದು ಸುಮ್ಮನೆ ಅಲ್ಲ. ಭಾನುವಾರದ ಕನ್ನಡ ತರಗತಿಗೆ ಮಕ್ಕಳು ಬರುವುದಿಲ್ಲವೆಂದು ನಾವು ಕೊರಗುತ್ತೇವೆ. ಅಜ್ಜಿಯ ಜೊತೆ ಫೋನಿನಲ್ಲಿ ಮೊಮ್ಮಗ ಹಿಂದಿಯಲ್ಲಿ ಉತ್ತರ ಕೊಟ್ಟರೆ ನಮ್ಮ ಕರುಳು ಚುರ್ ಎನ್ನುತ್ತದೆ. ಕೋಟಿಗಟ್ಟಲೆ ಜನ ಆಡುವ ಭಾಷೆಯವರಾದ ನಮಗೇ ಹೀಗಾದರೆ, ತನ್ನ ಭಾಷೆಯಲ್ಲಿ ಮಾತನಾಡಲು ಒಬ್ಬರೂ ಇಲ್ಲದೆ ವರ್ಷಗಟ್ಟಲೆ ಬದುಕಿದ ಆ ಮುದುಕಿಯ ಮನಸ್ಸು ಹೇಗಿದ್ದಿರಬೇಕು? ಭಾಷೆ ಉಳಿಸಬೇಕೆಂದು ನವೆಂಬರ್ ಒಂದರಂದು ಭಾಷಣ ಮಾಡಿ, ಡಿಸೆಂಬರಿನಲ್ಲಿ ಜಾರವಾ ನೋಡಲು ಹೋಗುವವರ ಭಾಷಾಭಿಮಾನವನ್ನು ನಾವು ನಂಬುವುದಿಲ್ಲ. ಅವರ ಬಗ್ಗೆ ನಿಜವಾಗಿ ತಿಳಿಯುವ ಆಸೆಯಿದ್ದರೆ ಪೋರ್ಟ್ ಬ್ಲೇರಿನಲ್ಲಿ ಮಾನವಶಾಸ್ತ್ರದ ವಸ್ತುಸಂಗ್ರಹಾಲಯವಿದೆ. ಅವರ ಬಿಲ್ಲು, ಬುಟ್ಟಿ, ದೋಣಿ, ಗುಡಿಸಲಿನ ಮಾದರಿ ಎಲ್ಲವನ್ನೂ ನಿಧಾನವಾಗಿ ನೋಡಿ, ಓದಿ, ಮಕ್ಕಳಿಗೆ ವಿವರಿಸಿ. ಯಾರ ಅಂಗಳವನ್ನೂ ತುಳಿದಂತಾಗುವುದಿಲ್ಲ.

ಕೊನೆಯ ಮಾತು ಊರಿನದು. ಮೇಲೆ ಹೇಳಿದ ನಿಯಮವನ್ನು ಇನ್ನೊಮ್ಮೆ ಓದಿ. ಎರಡು ಪ್ರಯಾಣಗಳಲ್ಲಿ ಒಂದನ್ನು "ಭಾರತದ ಯಾವ ಸ್ಥಳಕ್ಕಾದರೂ" ಎಂದು ತೆಗೆದುಕೊಂಡು, ಇನ್ನೊಂದನ್ನು ಅಂಡಮಾನಿಗೆ ಬದಲಾಯಿಸಿಕೊಂಡರೆ ನಾಲ್ಕು ವರ್ಷದಲ್ಲಿ ಊರಿನ ಹೆಸರು ಒಂದು ಸಲವೂ ಅರ್ಜಿಯ ಮೇಲೆ ಬರುವುದಿಲ್ಲ. ನಿಯಮ ಇದನ್ನು ಬಿಡುತ್ತದೆ. ಆದರೆ ನಾಲ್ಕು ವರ್ಷ ಎಂದರೆ ಆರು ವರ್ಷದ ಮಗು ಹತ್ತು ವರ್ಷದ್ದಾಗುವ ಕಾಲ. ಎಪ್ಪತ್ತಾರರ ಅಜ್ಜಿ ಎಂಬತ್ತಕ್ಕೆ ಮುಟ್ಟುವ, ಅಥವಾ ಮುಟ್ಟದೆ ಹೋಗುವ ಕಾಲ. ಸ್ವಂತ ಖರ್ಚಿನಲ್ಲಿ ಹೋಗಿಬರುತ್ತೇವೆ ಎನ್ನುವವರು ಹೋಗುತ್ತಾರೆಯೇ ಎಂಬುದು ಎಲ್ಲರಿಗೂ ಗೊತ್ತು. ಆದ್ದರಿಂದ ಅಂಡಮಾನಿಗೆ "ಯಾವ ಸ್ಥಳಕ್ಕಾದರೂ" ಎಂಬ ಪ್ರಯಾಣವನ್ನು ಬಳಸಿರಿ, ಊರಿನದನ್ನು ಊರಿಗೇ ಇಡಿರಿ.

ಊರಿಗೆ ಹೋದರೆ ದ್ವೀಪವೂ ತಪ್ಪುವುದಿಲ್ಲ. ಉಡುಪಿಯ ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರಿಸ್ ದ್ವೀಪಗಳನ್ನು ನಮ್ಮ ಎಷ್ಟು ಮಕ್ಕಳು ನೋಡಿದ್ದಾರೆ? ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬಿಟ್ಟು ಹೋಗುತ್ತಿದ್ದ ಕಾಲದಲ್ಲಿ ಉಕ್ಕಿದ ಶಿಲಾರಸ, ಆರುತ್ತ ಕುಗ್ಗಿ, ಕೆರೆಯ ಒಣಕೆಸರು ಬಿರಿಯುವಂತೆ ಬಿರಿದು, ಐದಾರು ಮುಖದ ಕಂಬಗಳಾಗಿ ನಿಂತಿದೆ. ಬಡಗಿ ಕಡೆದು ಜೋಡಿಸಿದಂತೆ ಕಾಣುತ್ತದೆ. ಮಳೆಗಾಲದಲ್ಲಿ ದೋಣಿ ಇಲ್ಲ. ದಸರೆಯ ನಂತರ ಹೋಗಿ. ದೂರದ ದ್ವೀಪದ ಫೋಟೋ ತೋರಿಸುವ ಮಗುವಿಗೆ ಹತ್ತಿರದ ದ್ವೀಪದ ಹೆಸರು ಗೊತ್ತಿಲ್ಲದಿರುವುದು ಅದರ ತಪ್ಪಲ್ಲ.

ಹಾಗಾದರೆ ಅಂಡಮಾನಿನಲ್ಲಿ ಮಾಡಬೇಕಾದದ್ದೇನು? ಕೇಳಿದವರಿಗೆ ನಮ್ಮ ಲೆಕ್ಕ ಇದು. ಪೋರ್ಟ್ ಬ್ಲೇರಿಗೆ ಎರಡು ಪೂರ್ತಿ ದಿನ: ಒಂದು ಜೈಲಿಗೆ, ಇನ್ನೊಂದು ವಸ್ತುಸಂಗ್ರಹಾಲಯಕ್ಕೆ, 1883ರಷ್ಟು ಹಳೆಯ ಚಾಥಮ್ ಮರ ಕೊಯ್ಯುವ ಕಾರ್ಖಾನೆಗೆ, ಮತ್ತು ಆಲದ ಬೇರು ಬ್ರಿಟಿಷರ ಬಂಗಲೆಗಳನ್ನು ಅಪ್ಪಿ ನುಂಗುತ್ತಿರುವ ಹಳೆಯ ರಾಸ್ ದ್ವೀಪಕ್ಕೆ, ಅದು 2018ರಿಂದ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ. ವಂಡೂರಿನ ಸಮುದ್ರಕ್ಕೆ ಒಂದು ದಿನ. ಸ್ವರಾಜ್ ಅಥವಾ ಶಹೀದ್, ಎರಡರಲ್ಲಿ ಒಂದೇ ದ್ವೀಪ, ಅಲ್ಲಿ ಎರಡು ರಾತ್ರಿ. ಉಬ್ಬರ ಇಳಿತದ ವೇಳೆಯನ್ನು ಮೀನುಗಾರನನ್ನು ಕೇಳಿ. ಒಂದು ದಿನ ಏನೂ ಇಟ್ಟುಕೊಳ್ಳಬೇಡಿ. ಹಡಗು ತಡವಾದರೆ ಅದು ಕೈಗೆ ಬರುತ್ತದೆ, ಆಗದಿದ್ದರೆ ಮಕ್ಕಳು ಮರಳಲ್ಲಿ ಆಡುತ್ತಾರೆ. ಬಾರಾಟಾಂಗ್ ಬೇಡ.

ಇದರಿಂದ ಹದಿನೆಂಟು ಪಾಯಿಂಟು ಆಗುವುದಿಲ್ಲ, ಏಳೋ ಎಂಟೋ ಆಗಬಹುದು. ಸಭೆಯಲ್ಲಿ ಯಾರಾದರೂ "ಜಾರವಾ ನೋಡಿದಿರಾ?" ಎಂದು ಕೇಳಿದರೆ "ಇಲ್ಲ, ಅವರ ಮನೆಗೆ ನಮ್ಮನ್ನು ಕರೆದಿರಲಿಲ್ಲ" ಎಂದು ಹೇಳಿ. ಹಾಗೆ ಹೇಳುವ ಹತ್ತು ಸಂಸಾರಗಳು ನಮ್ಮ ಸಂಘದಲ್ಲಿ ಈ ಚಳಿಗಾಲದಲ್ಲಿ ಸಿಕ್ಕರೆ ಏಜೆಂಟನ ಪಟ್ಟಿಯಿಂದ ಆ ಸಾಲು ತಾನಾಗಿಯೇ ಅಳಿಸಿಹೋಗುತ್ತದೆ. ಕೊಳ್ಳುವವರಿಲ್ಲದ ಸರಕನ್ನು ಯಾವ ಅಂಗಡಿಯವನೂ ಬಹಳ ದಿನ ಇಟ್ಟುಕೊಳ್ಳುವುದಿಲ್ಲ.